ಎರಡನೇ ನಂಬರಿನ ಲೆಕ್ಕ

ಅಡತಿ ಅಂಗಡಿಯಲ್ಲಿ ಮೂವತ್ತು ವರ್ಷ ಕಿರ್ದಿ ಬರೆದ ಮುನೀಮರೊಬ್ಬರು ಚಂದಾಪುರದಲ್ಲಿದ್ದಾರೆ. ತೊಗರಿ ಸುಗ್ಗಿಯಲ್ಲಿ ಎಷ್ಟೇ ಚೀಲ ಬಂದರೂ ರಾತ್ರಿ ಜಮಾ-ಖರ್ಚು ತಾಳೆಯಾಗದೆ ಅಂಗಡಿಗೆ ಬೀಗ ಹಾಕಿದವರಲ್ಲ. ಎಂಟಾಣೆ ಹೆಚ್ಚು ಬಂದರೂ ಅದು ಯಾರದೆಂದು ಗೊತ್ತಾಗುವವರೆಗೆ ಊಟಕ್ಕೆ ಏಳುತ್ತಿರಲಿಲ್ಲ. ಇಂಥವರು ತಮ್ಮ ಶುಗರಿನ ಪುಸ್ತಕದಲ್ಲಿ ಒಂದು ವರ್ಷ ಸುಳ್ಳು ಬರೆದರು.

ಸುಳ್ಳು ಲೆಕ್ಕದ ಮಾತೆತ್ತುವವನು ಮೊದಲು ತನ್ನ ಲೆಕ್ಕ ಚೊಕ್ಕ ಮಾಡಬೇಕು. ಈ ಮುನೀಮ ಕಾಕಾ ಒಬ್ಬರಲ್ಲ. ಚಿಂಚೋಳಿ, ಸೇಡಂ ಕಡೆಯ ಮನೆಗಳಲ್ಲಿ ಕಾಣಸಿಗುವ ನಾಲ್ಕಾರು ಜನರನ್ನು ಕೂಡಿಸಿ ನಾನು ಕಟ್ಟಿದ ಆಳು. ಹೆಸರು ಹುಡುಕಬೇಡಿ.

ಶುರುವಿನಲ್ಲಿ ಕೈಗೆ ಬಂದದ್ದು ಅಚ್ಚು ಹಾಕಿದ ಪುಸ್ತಕ. ದಿನಕ್ಕೆ ನಾಲ್ಕು ಸಲ ಬೆರಳು ಚುಚ್ಚಬೇಕು, ನಾಲ್ಕು ಮನೆ ತುಂಬಬೇಕು. ರಕ್ತ ಹಚ್ಚುವ ಒಂದು ಪಟ್ಟಿಗೆ ಇಪ್ಪತ್ತು ರೂಪಾಯಿ ಹಿಡಿದರೆ ತಿಂಗಳಿಗೆ 2,400. ಲೆಕ್ಕದವರಿಗೆ ಬೆರಳು ನೋಯುವ ಮೊದಲೇ ಇದು ನೋವಾಯಿತು. ಒಂದು ವಾರ ನಾಲ್ಕೂ ಮನೆ ತುಂಬಿದವು. ಆಮೇಲೆ ಬೆಳಗಿನದೊಂದೇ. ಆಮೇಲೆ ಅದೂ ಇಲ್ಲ. ಕಲಬುರಗಿಯ ಡಾಕ್ಟರಿಗೆ ತೋರಿಸಲು ಹೋಗುವ ಹಿಂದಿನ ರಾತ್ರಿ ಕಾಕಾ ಮೂರು ತಿಂಗಳ ಮನೆಗಳನ್ನು ಕೂತು ತುಂಬಿದರು. ಒಂದೇ ಸಲ ಕೂತು ಬರೆದ ಪುಸ್ತಕ ಹೇಗೆ ಕಾಣುತ್ತದೆಂದು ಮುನೀಮರಿಗೆ ಗೊತ್ತಿಲ್ಲದಿರುತ್ತದೆಯೆ? ಅದಕ್ಕೇ ಎರಡು ಪೆನ್ನು ಬಳಸಿದರು, ಒಂದು ನೀಲಿ, ಒಂದು ಕಪ್ಪು. 118, 122, 115 ಎಂದು ಬರೆಯುತ್ತ ನಡುವೆ ನಂಬಿಕೆ ಬರಲೆಂದು ಒಂದು 141 ಇಟ್ಟರು. ವ್ಯಾಪಾರಿಗಳು ಇದನ್ನು ಎರಡನೇ ನಂಬರಿನ ಲೆಕ್ಕ ಅನ್ನುತ್ತಾರೆ. ತೆರಿಗೆಯವರಿಗಾಗಿ ಕಾಕಾ ಎಂದೂ ಬರೆಯದಿದ್ದ ಲೆಕ್ಕ ಅದು.

ರಕ್ತ ಬೇರೆ ಹೇಳಿತು. ಎಚ್‌ಬಿಎ1ಸಿ 9.2. ರಕ್ತದ ಕೆಂಪು ಕಣ ಸುಮಾರು 120 ದಿನ ಬದುಕುತ್ತದೆ. ಅಷ್ಟು ದಿನವೂ ಸಕ್ಕರೆ ಅದರ ಹಿಮೋಗ್ಲೋಬಿನ್ನಿಗೆ ಅಂಟಿಕೊಳ್ಳುತ್ತ ಹೋಗುತ್ತದೆ. ಹೀಗಾಗಿ ಎರಡು-ಮೂರು ತಿಂಗಳ ಸರಾಸರಿ ಅಲ್ಲಿ ದಾಖಲಾಗಿರುತ್ತದೆ, ಅದಕ್ಕೆ ಎರಡು ಪೆನ್ನು ಬಳಸಲು ಬರುವುದಿಲ್ಲ. 9.2 ಅಂದರೆ ಸರಾಸರಿ 217ರ ಆಸುಪಾಸು.

‘ಪುಸ್ತಕದಾಗ ಇಷ್ಟ ಛಲೋ ಅದ, ರಕ್ತದಾಗ ಯಾಕ ಹಿಂಗ ಅದ ರೀ?’

‘ಮಿಷನ್ ಕೆಟ್ಟಿರಬೇಕ್ರಿ ಸಾಹೇಬ್ರೆ.’

ಹೊಸ ಮಿಷನ್ ಬಂತು. ಪಾಪ, ಹಳೆಯದು ಏನೂ ತಪ್ಪು ಮಾಡಿರಲಿಲ್ಲ.

ಇದು ಚಂದಾಪುರದ ಜಾಣತನವಷ್ಟೇ ಅಲ್ಲ. 1984ರಲ್ಲಿ ನ್ಯೂಯಾರ್ಕಿನ ರೋಜರ್ ಮೇಜ್ ಮತ್ತು ಸಂಗಡಿಗರು ಒಂದು ಅಧ್ಯಯನ ಪ್ರಕಟಿಸಿದರು. ರೋಗಿಗಳಿಗೆ ಕೊಟ್ಟ ಮೀಟರುಗಳೊಳಗೆ ಪ್ರತಿ ಅಂಕಿಯನ್ನೂ ಹಿಡಿದಿಡುವ ಚಿಪ್ ಇತ್ತು. ಕೈಬರಹದ ಪುಸ್ತಕಗಳನ್ನು ಅದಕ್ಕೆ ಹಚ್ಚಿ ನೋಡಿದಾಗ ಹಲವರು ಅಂಕಿ ಇಳಿಸಿದ್ದರು, ಕೆಲವನ್ನು ಬಿಟ್ಟಿದ್ದರು, ಪರೀಕ್ಷೆಯನ್ನೇ ಮಾಡದೆ ಕೆಲವನ್ನು ಹುಟ್ಟಿಸಿದ್ದರು. ಈ ಅಧ್ಯಯನವನ್ನು ರೋಗಿಗಳ ಸುಳ್ಳಿಗೆ ಸಾಕ್ಷಿಯಾಗಿ ಎತ್ತಿ ತೋರಿಸುತ್ತಾರೆ. ನನಗೆ ತೊಡಕಾಗುವುದು ಬೇರೊಂದು ವಿಷಯ: ಚಿಪ್ ಇರುವುದನ್ನು ರೋಗಿಗಳಿಗೆ ಹೇಳಿರಲಿಲ್ಲ. ಸುಳ್ಳು ಹಿಡಿಯಲು ಒಂದು ಮುಚ್ಚುಮರೆ ಬೇಕಾಯಿತು. ಎರಡನೇ ನಂಬರಿನ ಲೆಕ್ಕ ಆ ಕಡೆಯೂ ಇತ್ತು.

ಕಿರ್ದಿಯಲ್ಲಿ ಲುಕ್ಸಾನು ಬರೆಯಲು ಕಾಕಾಗೆ ಎಂದೂ ನಾಚಿಕೆಯಾಗಿರಲಿಲ್ಲ. ತೊಗರಿ ದರ ಬಿತ್ತು, ಬರೆದರು, ಅಷ್ಟೇ. ಆ ಅಂಕಿ ತೊಗರಿಯದು, ಅವರದಲ್ಲ. ಶುಗರಿನ ಪುಸ್ತಕದಲ್ಲಿ ಮಾತ್ರ 240 ಅನ್ನುವುದು ಅವರ ನಡತೆಯ ಮೇಲೆ ಹಾಕಿದ ಅಂಕ. ಬಾಯಿ ಕಟ್ಟದವರು, ಮಾತು ಕೇಳದವರು. ಅರವತ್ತೆಂಟರಲ್ಲಿ ಮತ್ತೆ ಶಾಲೆಯ ಹುಡುಗನಾಗುವುದು ಯಾರಿಗೆ ಬೇಕು? ಸುಳ್ಳನ್ನು ನಾನು ಮನ್ನಿಸುತ್ತಿಲ್ಲ. ಅದು ಅವರ ಕಣ್ಣು, ಕಿಡ್ನಿಯ ಬಾಕಿಯನ್ನು ಏರಿಸುತ್ತಲೇ ಇತ್ತು. ಆದರೆ ತೋರಿಸಲಿಕ್ಕೆಂದೇ ಬರೆದ ಪುಸ್ತಕ ತೋರಿಕೆಯ ಪುಸ್ತಕವಾದರೆ ಅಚ್ಚರಿಯೇನು?

ತನಗಾಗಿ ಬರೆದುಕೊಂಡವರೂ ಇದ್ದಾರೆ. ರಿಚರ್ಡ್ ಬರ್ನ್‌ಸ್ಟೈನ್ ಎಂಬ ಅಮೆರಿಕದ ಎಂಜಿನಿಯರ್‌ಗೆ ಹನ್ನೆರಡನೇ ವಯಸ್ಸಿನಿಂದ ಮಧುಮೇಹ. 1969ರ ಸುಮಾರಿಗೆ ಗ್ಲೂಕೋಸ್ ಮೀಟರ್ ಬಂದಾಗ ಅದನ್ನು ಡಾಕ್ಟರುಗಳಿಗಷ್ಟೇ ಮಾರುತ್ತಿದ್ದರು. ಹೆಂಡತಿ ಡಾಕ್ಟರು, ಅವರ ಹೆಸರಿನಲ್ಲಿ ತರಿಸಿಕೊಂಡು ದಿನಕ್ಕೆ ಹಲವು ಸಲ ತಾವೇ ಅಳೆದು, ಯಾವುದಕ್ಕೆ ಎಷ್ಟು ಏರುತ್ತದೆಂದು ಕಂಡುಕೊಂಡರು. ಎಂಜಿನಿಯರು ಯಂತ್ರವನ್ನು ನೋಡುವಂತೆ ಮೈಯನ್ನು ನೋಡಿದರು. ನಲವತ್ತೈದರಲ್ಲಿ ವೈದ್ಯಕೀಯ ಕಾಲೇಜನ್ನೂ ಸೇರಿದರು.

ಕಾಕಾ ಅಷ್ಟು ದೂರ ಹೋಗಲಿಲ್ಲ. ಮೊದಲು ಅಡುಗೆಮನೆ ಗೋಡೆಯ ಕ್ಯಾಲೆಂಡರಿನಲ್ಲಿ, ಹಾಲಿನ ಲೀಟರು, ಸಿಲಿಂಡರಿನ ತಾರೀಖಿನ ಪಕ್ಕ ಬರೆದು ನೋಡಿದರು. ಕೆಟ್ಟಿತು. ಸೊಸೆ ಓದಿದಳು, ಬೀಗರು ಓದಿದರು, ಹಾಲಿನವನೂ ‘ನಿನ್ನೆ ಜಾಸ್ತಿ ಆಗ್ಯಾದಲ್ರಿ’ ಅಂದ. ಒಬ್ಬ ಡಾಕ್ಟರ ಬದಲು ಊರೇ ಪರೀಕ್ಷಕವಾಯಿತು.

ದಾರಿ ತೋರಿಸಿದ್ದು ಆಸ್ಪತ್ರೆಯ ಸಿಸ್ಟರ್ ಒಬ್ಬರು. ವಾರಕ್ಕೆ ಮೂರೇ ದಿನ, ದಿನಕ್ಕೆ ಒಂದೇ ಊಟದ ಲೆಕ್ಕ. ಉಣ್ಣುವ ಮೊದಲೊಂದು, ಉಂಡು ಎರಡು ತಾಸಿಗೊಂದು. ಪಕ್ಕದಲ್ಲಿ ಉಂಡದ್ದೇನೆಂದು ಒಂದು ಮಾತು. ವಾರಕ್ಕೆ ಆರು ಪಟ್ಟಿ. (ಕಾಕಾ ಗುಳಿಗೆಯ ಮೇಲಿರುವವರು, ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಇಷ್ಟು ಸಾಲದು.) ಅಂಗಿಯ ಜೇಬಿನಲ್ಲಿ ಹಿಡಿಯುವ ಪುಸ್ತಕ ತಂದು, ಹಳೆ ಚಟದಂತೆ ನಡುವೆ ಗೆರೆ ಎಳೆದರು. ಎರಡು ಜೋಳದ ರೊಟ್ಟಿ, ಪುಂಡಿಪಲ್ಯ: ನಲವತ್ತು ಏರಿತು. ಹೊಟ್ಟೆಗೆ ಹಗುರವೆಂದು ದಿನಾ ಮುಂಜಾನೆ ತಿನ್ನುತ್ತಿದ್ದ ಮಂಡಕ್ಕಿ ಸುಸಲಾ: ನೂರಾ ಹತ್ತು. ಕಾಕಾ ಎರಡು ದಿನ ಮಂಡಕ್ಕಿಯ ಮೇಲೆ ಸಿಟ್ಟಾಗಿದ್ದರು, ಅಂಗಡಿಗೆ ಟೋಪಿ ಹಾಕಿದ ಗಿರಾಕಿಯ ಮೇಲೆ ಆಗುವ ಸಿಟ್ಟು ಅದು. ಅಂಕಿ ಮತ್ತೆ ಸರಕಿನದಾಯಿತು.

ಎಳ್ಳಮಾವಾಸ್ಯೆ ಆದ ವಾರ ಪುಸ್ತಕ ಹಿಡಿದು ಡಾಕ್ಟರ ಹತ್ತಿರ ಹೋದರು. ಒಂದೇ ಪೆನ್ನಿನ ಬರಹ. ಒಂದು ಸಾಲಿನ ಮೇಲೆ ಡಾಕ್ಟರ ಬೆರಳು ನಿಂತಿತು: ಹೊಲದಾಗ ಊಟ, ಶೇಂಗಾ ಹೋಳಿಗಿ 2, 263.

‘ಎರಡರಾಗ ಇಷ್ಟು ಏರೇದೇನ್ರಿ?’

ಕಾಕಾ ಪುಸ್ತಕ ಈಚೆ ಎಳೆದುಕೊಂಡರು. ಪೆನ್ನು ತೆಗೆದು 2 ಹೊಡೆದುಹಾಕಿ 4 ಬರೆದರು. ಕಿರ್ದಿಯಲ್ಲಿ ತಿದ್ದಿದಲ್ಲೆಲ್ಲ ಮಾಡುತ್ತಿದ್ದಂತೆ ಪಕ್ಕದಲ್ಲಿ ಸಣ್ಣ ಸಹಿ ಹಾಕಿದರು.