ನೆರೆಗೂದಲು

ಹದಿನೆಂಟು ವರ್ಷ ತಿಂಗಳಿಗೊಮ್ಮೆ ತಲೆಗೆ ಬಣ್ಣ ಹಚ್ಚಿದೆ. ಅದು ಸುಳ್ಳು ಎಂದು ಒಮ್ಮೆಯೂ ಅನ್ನಿಸಿರಲಿಲ್ಲ. ನನ್ನ ಕೂದಲು, ನನ್ನ ದುಡ್ಡು, ಯಾರಿಗೇನು ನಷ್ಟ?

ನಷ್ಟ ತಂಗಿಗೆ ಆಗಿತ್ತು. ನನಗಿಂತ ಆರು ವರ್ಷ ಚಿಕ್ಕವಳು, ಬಣ್ಣದ ಗೋಜಿಗೆ ಹೋದವಳಲ್ಲ. ಮದುವೆಮನೆಯೊಂದರಲ್ಲಿ ಯಾರೋ ಅವಳನ್ನು ತೋರಿಸಿ 'ಇವರು ನಿಮ್ಮ ಅಕ್ಕನಾ?' ಎಂದರು. ನಾನು ನಕ್ಕೆ, ತಿದ್ದಲಿಲ್ಲ. ಒಳಗೊಳಗೇ ಹಿಗ್ಗಿದೆ ಕೂಡ. ಅವಳು ಸುಮ್ಮನೆ ಪಾಯಸ ಬಡಿಸಿಕೊಂಡಳು. ಸುಳ್ಳು ಹೇಳಿದ್ದು ನನ್ನ ತಲೆ, ವಯಸ್ಸಾದದ್ದು ಅವಳಿಗೆ.

ಅಂದಿನಿಂದ ಹಚ್ಚುವುದನ್ನು ಬಿಟ್ಟೆ. ಕೂದಲು ಬೆಳೆಯುವುದು ತಿಂಗಳಿಗೆ ಸುಮಾರು 1 ಸೆಂಟಿಮೀಟರ್. ಹೊರಗೆ ಕಾಣುವ ಎಳೆಗೆ ಜೀವವಿಲ್ಲ, ಜೀವವಿರುವುದು ಬುಡದಲ್ಲಿ. ಹಾಗಾಗಿ ಹಚ್ಚಿದ ಬಣ್ಣ ಮಾಸಿ ಕೆಂಚಾದೀತೇ ಹೊರತು ಹೋಗಬೇಕಾದರೆ ಕತ್ತರಿಯೇ ಬೇಕು. ಒಂದೂವರೆ ವರ್ಷ ಬೈತಲೆಯ ಪಕ್ಕ ಬಿಳುಪು, ತುದಿಯಲ್ಲಿ ಕೆಂಚು. 'ಹುಷಾರಿಲ್ವಾ?' ಎಂದು ಕೇಳಿದವರೆಷ್ಟೋ! ನಾಚಿಕೆ ಕಳೆದ ಮೇಲೆ ಹೆಮ್ಮೆ ಶುರುವಾಯಿತು: ನೋಡಿ, ನಾನೆಂಥ ಸತ್ಯವಂತೆ! ಅದೂ ಒಂದು ಬಣ್ಣವೇ ಇರಬೇಕು.

ತಪ್ಪೊಪ್ಪಿಕೊಳ್ಳಲು ತಂಗಿಯ ಮನೆಗೆ ಹೋದೆ. ಮಾತು ಮುಗಿಯುವ ಮೊದಲೇ ಅವಳು, 'ಅದಿರಲಿ ಬಿಡಕ್ಕ, ಮಗಳ ಮದುವೆಗೆ ನಾನೂ ಹಚ್ಕೋಬೇಕು ಅಂತಿದ್ದೀನಿ. ನೀನು ಯಾವುದು ಹಚ್ತಿದ್ದೆ?' ಎಂದಳು.

ಬೇಡ ಎನ್ನಲು ನನಗೇನು ಅಧಿಕಾರ? ಅಲರ್ಜಿಯಾದೀತೆಂದು ಮೊದಲು ಕಿವಿಯ ಹಿಂದೆ ಚೂರು ಹಚ್ಚಿ ಎರಡು ದಿನ ಕಾದೆವು. ಮೂರನೆಯ ದಿನ ಹಿಂದಲೆಗೆ ಅವಳ ಕೈ ಎಟುಕಲಿಲ್ಲ. ಬ್ರಷ್ ಇಸಿದುಕೊಂಡು ನಾನೇ ಹಚ್ಚಿದೆ.