ಹೇಂಟೆಯ ಕಾವು, ನನ್ನ ಬಲೆ

ಕಳೆದ ಮೇ ತಿಂಗಳಲ್ಲಿ ಮಹಾಪ್ರಬಂಧದ ಮೂರನೇ ಅಧ್ಯಾಯ ಮುಗಿಸಲೆಂದು ಕೊಪ್ಪದ ಹತ್ತಿರದ ನಮ್ಮೂರಿಗೆ ಬಂದಿದ್ದೆ. ನನ್ನ ಸಂಶೋಧನೆ ಜನ್ನನ ‘ಯಶೋಧರ ಚರಿತೆ’ಯ ಮೇಲೆ. ಆ ಅಧ್ಯಾಯದ ವಿಷಯ ಸಂಕಲ್ಪಹಿಂಸೆ, ಅಂದರೆ ಕೈ ಮಾಡದಿದ್ದರೂ ಮನಸ್ಸು ಮಾಡಿಬಿಟ್ಟ ಕೊಲೆ. ಹದಿನೈದು ದಿನದಲ್ಲಿ ಬರೆದದ್ದು ನಾಲ್ಕು ಪುಟ. ಉಳಿದ ಹೊತ್ತೆಲ್ಲ ಹೋದದ್ದು ಒಂದು ಕೋಳಿಯ ಹಿಂದೆ.

ಮನೆಯ ಕೆಂಪು ಹೇಂಟೆ ಅಕ್ಷಯ ತದಿಗೆಯ ಮಾರನೇ ದಿನದಿಂದ ಕಾಣೆಯಾಗಿತ್ತು. ಮುಂಗುಸಿ ಹಿಡಿದಿರಬೇಕು ಎಂದು ಎಲ್ಲರೂ ಆಸೆ ಬಿಟ್ಟಿದ್ದರು. ಒಂದು ಮಧ್ಯಾಹ್ನ ಅದು ಎಲ್ಲಿಂದಲೋ ಅಂಗಳಕ್ಕೆ ಓಡಿಬಂದು, ಗಬಗಬನೆ ಅಕ್ಕಿನುಚ್ಚು ತಿಂದು, ನೀರು ಕುಡಿದು, ಬಂದ ದಾರಿಯಲ್ಲೇ ಓಡಿತು. ಹಿಂಬಾಲಿಸಿ ಹೋದರೆ, ಕೊಟ್ಟಿಗೆಯ ಹಿಂದೆ ಹುಲ್ಲಿನ ಗೊಣಬೆಯ ಬುಡದಲ್ಲಿ, ದರಗಿನ ನಡುವೆ ಹನ್ನೊಂದು ಮೊಟ್ಟೆ. ಅಜ್ಜಿ ಬೆರಳು ಮಡಚಿ ಲೆಕ್ಕ ಹಾಕಿದರು. “ಹತ್ತೊಂಬತ್ತಾಯ್ತು. ಇನ್ನೆರಡು ದಿನ.”

ಕೋಳಿಮೊಟ್ಟೆ ಒಡೆಯಲು 21 ದಿನದ ಕಾವು ಬೇಕು. ಹೇಂಟೆ ದಿನಕ್ಕೊಂದೋ ಎರಡು ದಿನಕ್ಕೊಂದೋ ಇಡುತ್ತ ಹೋದರೂ, ಅದು ಕಾವಿಗೆ ಕೂರುವವರೆಗೆ ಮೊಟ್ಟೆಯೊಳಗಿನ ಜೀವ ಬೆಳೆಯದೆ ಕಾಯುತ್ತದೆ. ಹಾಗಾಗಿಯೇ ಬೇರೆ ಬೇರೆ ದಿನ ಇಟ್ಟ ಮೊಟ್ಟೆಗಳು ಹೆಚ್ಚುಕಡಿಮೆ ಒಟ್ಟಿಗೇ ಒಡೆಯುತ್ತವೆ. ಮೊದಲ ದಿನಗಳಲ್ಲಿ ಹೇಂಟೆ ಮೊಟ್ಟೆಗಳನ್ನು ದಿನಕ್ಕೆ ಎಷ್ಟೋ ಸಲ ಹೊರಳಿಸುತ್ತದೆ. ಕೊನೆಯ ಎರಡು ಮೂರು ದಿನ ಅದನ್ನೂ ನಿಲ್ಲಿಸಿ, ಅನ್ನ ನೀರು ಬಿಟ್ಟು ಕೂತುಬಿಡುತ್ತದೆ. ಮರುದಿನ ನಾನು ಸ್ವಲ್ಪ ದೂರದಲ್ಲಿ ಕುಕ್ಕರಗಾಲಲ್ಲಿ ಕೂತು ಕೇಳಿದೆ. ಅದರ ಹೊಟ್ಟೆಯಡಿಯಿಂದ ಚಿಂವ್ ಎಂಬ ತೆಳ್ಳನೆಯ ಸದ್ದು ಬಂತು. ಹೇಂಟೆ ಗಂಟಲಲ್ಲೇ ಏನೋ ಉತ್ತರ ಕೊಟ್ಟಿತು. ಇನ್ನೂ ಹುಟ್ಟದವರ ಜೊತೆ ಮಾತುಕತೆ ನಡೆದಿತ್ತು.

ಇದನ್ನು ಕಾಯುವುದು ಹೇಗೆ ಎಂದು ಮನೆಯಲ್ಲಿ ಚರ್ಚೆಯಾಯಿತು. ರಾತ್ರಿ ಎತ್ತಿ ಒಡ್ಡಿಯೊಳಗೆ ಇಡೋಣ ಎಂದರು ಅಪ್ಪಯ್ಯ. “ಈಗ ಮುಟ್ಟಬೇಡಿ. ಎದ್ದು ಹೋದರೆ ಮತ್ತೆ ಕೂರೂದಿಲ್ಲ” ಎಂದರು ಅಜ್ಜಿ. ಅವರ ಉಪಾಯ ಸರಳವಾಗಿತ್ತು: ಕತ್ತಲಾದ ಮೇಲೆ ದೊಡ್ಡ ಹೆಡಿಗೆ ಕವುಚಿ, ಮೇಲೊಂದು ಕಲ್ಲು ಹೇರಿ, ಬೆಳಿಗ್ಗೆ ತೆಗೆಯುವುದು. ನನಗೆ ಅದು ಸಾಲದು ಅನ್ನಿಸಿತು. ನೆಲಕ್ಕೆ ಸರಿಯಾಗಿ ಕೂರದ ಹೆಡಿಗೆಯ ಸಂದಿಯಲ್ಲಿ ಹಾವು ನುಗ್ಗಿದರೆ? ಅಟ್ಟದಲ್ಲಿ ತರಕಾರಿ ಮಡಿಗೆ ಹೊದೆಸಲು ತಂದಿದ್ದ ನೈಲಾನ್ ಬಲೆ ಇತ್ತು. ನಾಲ್ಕು ಗೂಟ ಹುಗಿದು, ಬಲೆಯನ್ನು ಎರಡು ಸುತ್ತು ಸುತ್ತಿದೆ. ಅಜ್ಜಿ ನೋಡಿ ಹೇಳಿದರು, “ಯಾರಿಗೆ ಹಾಕಿದ್ದು ಅಂತ ಬಲೆಗೆ ಗೊತ್ತಿರೂದಿಲ್ಲ ಮಾರಾಯ್ತಿ.” ನಾನು ನಕ್ಕೆ.

ಬೆಳಿಗ್ಗೆ ಬಲೆಯಲ್ಲಿ ಒಂದು ಕೇರೆ ಹಾವು ಸಿಕ್ಕಿಕೊಂಡು ಸತ್ತಿತ್ತು. ತಲೆ ಒಂದು ಕಣ್ಣಿನಿಂದ ಆಚೆ ಬಂದಿತ್ತು, ಮೈ ಮೂರು ಕಡೆ ಬಿಗಿದಿತ್ತು. ಹಾವಿನ ಹುರುಪೆಗಳು ಹಿಂದಕ್ಕೆ ಬಾಗಿರುತ್ತವೆ. ಮುಂದೆ ನುಗ್ಗಿದ್ದು ಸುಲಭವಾಗಿ ಹಿಂದಕ್ಕೆ ಬರಲಾಗುವುದಿಲ್ಲ. ಎಳೆದಷ್ಟೂ ನೂಲು ಕೊಯ್ಯುತ್ತದೆ. ಅದು ಮೊಟ್ಟೆಗಾಗಿಯೇ ಬಂದಿತ್ತೆಂದು ಹೇಳುವಂತೆಯೂ ಇರಲಿಲ್ಲ. ಗೊಣಬೆಯ ತುಂಬ ಇಲಿಗಳಿದ್ದವು, ಕೇರೆಯ ಮುಖ್ಯ ಆಹಾರವೂ ಇಲಿಯೇ. ವಿಷವಿಲ್ಲದ, ಗದ್ದೆ ತೋಟದವರಿಗೆ ಬೇಕಾದ ಹಾವು. ಅಪ್ಪಯ್ಯ ಕತ್ತಿಯಿಂದ ಬಲೆ ಕೊಯ್ದು ಅದನ್ನು ಬಿಡಿಸಿ ತೋಟದಲ್ಲಿ ಹುಗಿದರು. ಯಾರೂ ನನ್ನನ್ನು ಏನೂ ಅನ್ನಲಿಲ್ಲ. ಹೇಂಟೆ ಕೂತಲ್ಲಿಂದ ಕದಲಿರಲಿಲ್ಲ.

“ನಾನು ಬೇಕಂತ ಮಾಡಿದ್ದಲ್ಲ ಅಜ್ಜಿ” ಎಂದೆ.

“ಹೌದು. ಅದು ಹಾವಿಗೆ ಗೊತ್ತಾ?” ಎಂದರು.

ಆ ಮೇಲೆ ಅಧ್ಯಾಯದ ಮುಂದೆ ಕೂತರೆ ಅಕ್ಷರ ಸಾಗಲಿಲ್ಲ. 1209ರಲ್ಲಿ ಜನ್ನ ಮುಗಿಸಿದ ಆ ಕಾವ್ಯದಲ್ಲಿ ಅರಸ ಯಶೋಧರ ಪ್ರಾಣಿಬಲಿಗೆ ಒಪ್ಪುವುದಿಲ್ಲ. ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯನ್ನು ಬಲಿ ಕೊಡುತ್ತಾನೆ. ಸತ್ತದ್ದು ಬರೀ ಹಿಟ್ಟು. ಆದರೆ ಕತ್ತಿ ಎತ್ತಿದ ಮನಸ್ಸು ನಿಜದ್ದು. ಅದಕ್ಕಾಗಿ ತಾಯಿ ಮಗ ಇಬ್ಬರೂ ನವಿಲು, ನಾಯಿ, ಹಾವು, ಮೀನು, ಆಡು ಎಂದು ಜನ್ಮ ಜನ್ಮ ತೊಳಲಿ, ಕಡೆಗೆ ಕೋಳಿಗಳೇ ಆಗಿ ಸತ್ತು, ಆಮೇಲಷ್ಟೇ ಅಭಯರುಚಿ, ಅಭಯಮತಿಯರಾಗಿ ಮನುಷ್ಯ ಜನ್ಮಕ್ಕೆ ಬರುತ್ತಾರೆ. ಕಾರ್ನಾಡರ ‘ಹಿಟ್ಟಿನ ಹುಂಜ’ಕ್ಕೂ ಮೂಲ ಇದೇ ಕಥೆ. ನನ್ನ ಅಧ್ಯಾಯದ ವಾದ ಇಷ್ಟು: ನೈತಿಕತೆಯ ನೆಲೆ ಸಂಕಲ್ಪದಲ್ಲಿದೆ, ಫಲದಲ್ಲಲ್ಲ.

ನನ್ನದು ಅದರ ತಿರುವುಮುರುವು. ಕೊಲ್ಲುವ ಮನಸ್ಸಿರಲಿಲ್ಲ, ಆದರೆ ಹಾವು ಹಿಟ್ಟಿನದಾಗಿರಲಿಲ್ಲ. ನನ್ನ ವಾದ ನಿಜವಾದರೆ ನಾನು ನಿರಪರಾಧಿ. ಹಾಗಾದರೆ ಆ ಬೆಳಿಗ್ಗೆ ತಿಂಡಿ ಯಾಕೆ ಗಂಟಲಲ್ಲಿ ಇಳಿಯಲಿಲ್ಲ? ಅದು ಬರೀ ಮರುಕವೇ? ಮರುಕವಾದರೆ ಅಪ್ಪಯ್ಯನಿಗೂ ಇತ್ತು. ನನಗಿದ್ದದ್ದು ಬೇರೆ ಏನೋ.

ಅದಕ್ಕೊಂದು ಹೆಸರು ಜನ್ನನ ಪರಂಪರೆಯೊಳಗೇ ಸಿಕ್ಕಿತು. ಉಮಾಸ್ವಾತಿಯ ‘ತತ್ತ್ವಾರ್ಥಸೂತ್ರ’ ಹಿಂಸೆಯನ್ನು ವಿವರಿಸುವಾಗ ‘ಪ್ರಮಾದ’ವನ್ನು ಮುಂದಿಡುತ್ತದೆ. ಎಚ್ಚರ ತಪ್ಪಿದ ನಡೆಯಿಂದ ಪ್ರಾಣ ಹೋದರೆ ಅದು ಹಿಂಸೆ. ಜೈನ ಮುನಿಗಳು ನೆಲ ನೋಡುತ್ತ ನಡೆಯುವುದು ಒಂದು ನಿಯಮವಾದದ್ದು ಇದಕ್ಕೇ. ಎಚ್ಚರದಿಂದ ಹೆಜ್ಜೆ ಇಟ್ಟೂ ಕಾಲಡಿ ಒಂದು ಹುಳು ಬಂದರೆ ಆ ಮಾತು ಬೇರೆ. ಆದ್ದರಿಂದ ಕೇಳಬೇಕಾದ ಪ್ರಶ್ನೆ ‘ಬೇಕಂತ ಮಾಡಿದೆಯಾ’ ಎಂಬುದೊಂದೇ ಅಲ್ಲ. ‘ನೋಡಿ ಮಾಡಿದೆಯಾ’ ಎಂಬುದೂ ಹೌದು. ನಾನು ನೋಡಿರಲಿಲ್ಲ. ಬಲೆ ಕಟ್ಟಿದವಳು ರಾತ್ರಿ ಒಮ್ಮೆಯೂ ಎದ್ದು ಟಾರ್ಚು ಹಾಕಲಿಲ್ಲ. ನೋಡಿದ್ದವರು ಹೇಳಿದಾಗ ನಕ್ಕೆ. ಒಳ್ಳೆಯದು ಮಾಡುತ್ತಿದ್ದೇನೆ ಎಂಬ ನಂಬಿಕೆಯೇ ನನ್ನ ಕಣ್ಣು ಮುಚ್ಚಿತ್ತು.

ಮಹಾಭಾರತದ ಶಿಬಿಯೂ ನೆನಪಾದ. ಪಾರಿವಾಳಕ್ಕೆ ಅಭಯ ಕೊಟ್ಟವನ ಬಳಿ ಗಿಡುಗ ಬಂದು, ನನ್ನ ಹಸಿವಿಗೆ ಏನು ಹೇಳುತ್ತೀ ಎನ್ನುತ್ತದೆ. ಅವನು ಆ ಪ್ರಶ್ನೆಯನ್ನು ತಳ್ಳಿಹಾಕದೆ ತನ್ನ ಮಾಂಸವನ್ನೇ ಕೊಯ್ದು ತಕ್ಕಡಿಗೆ ಹಾಕಿದ. ಒಂದನ್ನು ಕಾಯಲು ಹೊರಟಾಗ ಯಾರೋ ಬೆಲೆ ತೆರುತ್ತಾರೆ ಎಂಬುದು ಅವನಿಗೆ ತಿಳಿದಿತ್ತು. ನನ್ನ ಅಭಯಕ್ಕೆ ಬೆಲೆ ತೆತ್ತದ್ದು ಕೇರೆ. ಅಜ್ಜಿಯ ಹೆಡಿಗೆಯಲ್ಲಿ ಪೂರ್ತಿ ಭದ್ರತೆ ಇರಲಿಲ್ಲ, ನಿಜ. ಆದರೆ ಹಾವು ಬಂದರೂ ಸುತ್ತಿ ನೋಡಿ ವಾಪಸು ಹೋಗಲು ದಾರಿ ಇರುತ್ತಿತ್ತು. ಒಂದೆರಡು ಮೊಟ್ಟೆ ಹೋಗಬಹುದೆಂಬ ಅಂಜಿಕೆಯನ್ನು ಅದು ನಮ್ಮ ಪಾಲಿಗೇ ಉಳಿಸಿಕೊಳ್ಳುತ್ತಿತ್ತು.

ಇದನ್ನೆಲ್ಲ ಬರೆಯುವ ನಾನು ಸಸ್ಯಾಹಾರಿಯಲ್ಲ. ಈ ಮರಿಗಳಲ್ಲಿ ಎರಡಾದರೂ ಬರುವ ವರ್ಷ ಕಡುಬಿನ ಜೊತೆ ಸಾರಾಗುತ್ತವೆ, ನಾನೂ ಉಣ್ಣುತ್ತೇನೆ. ಹೇಂಟೆಯ ಮೇಲಿನ ನನ್ನ ಕರುಣೆಯಲ್ಲಿ ನಮ್ಮ ಮನೆಯ ಲಾಭವೂ ಬೆರೆತಿತ್ತು. ಅದನ್ನು ಮುಚ್ಚಿಟ್ಟು ಹಾವಿನ ಬಗ್ಗೆ ಮಾತಾಡುವುದು ಸರಿಯಲ್ಲ. ಆದರೆ ಕೊಂದು ತಿನ್ನುವವಳು ಅನ್ನುವ ಕಾರಣಕ್ಕೆ ನೋಡದೆ ಕೊಂದದ್ದು ಮಾಫಿಯಾಗುವುದಿಲ್ಲ.

ಆ ರಾತ್ರಿ ಹೆಡಿಗೆ ಕವುಚಿದೆವು. ಎರಡು ಸಲ ಎದ್ದು ಹೋಗಿ ನೋಡಿದೆ. ಬೆಳಿಗ್ಗೆ ಹನ್ನೊಂದರಲ್ಲಿ ಒಂಬತ್ತು ಒಡೆದಿದ್ದವು. ಹೇಂಟೆ ಇನ್ನೊಂದು ದಿನ ಕೂತು, ಉಳಿದೆರಡನ್ನು ಅಲ್ಲೇ ಬಿಟ್ಟು, ಮರಿಗಳನ್ನು ಕರೆದುಕೊಂಡು ಅಂಗಳಕ್ಕೆ ಬಂತು. ನಾನು ಅಧ್ಯಾಯದ ಮುಖ್ಯ ವಾಕ್ಯ ಹೊಡೆದುಹಾಕಿದೆ. ಅದರ ಜಾಗಕ್ಕೆ ಇನ್ನೊಂದನ್ನು ಇನ್ನೂ ಬರೆದಿಲ್ಲ. ಬಲೆಯ ತುಂಡುಗಳನ್ನು ಮಾತ್ರ ಹೆಕ್ಕಿ ಚೀಲಕ್ಕೆ ತುಂಬಿ ಕಟ್ಟಿಟ್ಟಿದ್ದೇನೆ, ಮತ್ತೆ ಯಾವ ಹಿತ್ತಲಿಗೂ ಹೋಗದ ಹಾಗೆ.