ಹೇಗೋ ಸುಧಾರಿಸಿಕೊಂಡಿದ್ವಿ

ಬುಕ್ಕಾಪಟ್ಟಣದ ನಮ್ಮ ಮನೆಯಲ್ಲಿರುವುದು ಒಂದೇ ಲ್ಯಾಪ್‌ಟಾಪ್. ಅದರ ಚಾರ್ಜಿಂಗ್ ಪಿನ್ ಸಡಿಲವಾಗಿ ಎಷ್ಟು ದಿನವಾಗಿತ್ತೆಂದು ಈಗ ಯಾರಿಗೂ ನೆನಪಿಲ್ಲ. ವೈರನ್ನು ಸ್ವಲ್ಪ ಎಡಕ್ಕೆ ಬಾಗಿಸಿ ಕೆಳಗೊಂದು ಬೆಂಕಿಪೊಟ್ಟಣ ಕೊಟ್ಟರೆ ದೀಪ ಹತ್ತುತ್ತದೆ ಎಂಬುದು ಮಗಳು ಕಂಡುಕೊಂಡ ಉಪಾಯ. ಕೆಲವು ದಿನಗಳ ಮೇಲೆ ಬೆಂಕಿಪೊಟ್ಟಣ ಸಾಲದಾಯಿತು, ಅವಳ ಹಳೆಯ ಪಿಯುಸಿ ಗೈಡು ಬಂತು. ಅದಕ್ಕೊಂದು ರಬ್ಬರ್ ಬ್ಯಾಂಡೂ ಬಂತು. ನಾನು ಕೂತಾಗ ನನ್ನದೇ ಒಂದು ಓರೆ, ಹೆಂಡತಿ ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆಯುವಾಗ ಅವಳದೇ ಒಂದು ಓರೆ. ಮನೆಗೆ ಬಂದವರು ಅತ್ತ ಕೈ ಚಾಚಿದರೆ ‘ಮುಟ್ಟಬೇಡಿ, ಹಂಗೇ ಇರಲಿ’ ಎನ್ನುತ್ತಿದ್ದೆವು, ಆಗಷ್ಟೇ ಮಲಗಿದ ಕೂಸಿನ ಬಗ್ಗೆ ಹೇಳುವ ಹಾಗೆ. ಒಂದು ದಿನ ಮಗಳು ನಮ್ಮೂರ ಕಾಡಿನ ಚಿಂಕಾರದ ಮೇಲೆ ಕಾಲೇಜಿಗೆ ಟಿಪ್ಪಣಿ ಬರೆಯುತ್ತಿದ್ದಳು. 2019ರಲ್ಲಿ ಈ ಕಾಡು ವನ್ಯಧಾಮವಾದದ್ದೇ ಆ ಪುಟ್ಟ ಹುಲ್ಲೆಯ ಪುಣ್ಯದಿಂದ. ಅರ್ಧ ಪುಟ ಮುಗಿಯುವಷ್ಟರಲ್ಲಿ ಸುಟ್ಟ ವಾಸನೆ ಬಂತು, ದೀಪ ಆರಿತು. ಆಮೇಲೆ ಯಾವ ಓರೆಗೂ ಹತ್ತಲಿಲ್ಲ. ನಮ್ಮದೇ ಜಿಲ್ಲೆಯ ಪಾವಗಡದಲ್ಲಿ ಸುಮಾರು 13 ಸಾವಿರ ಎಕರೆಯಲ್ಲಿ ಹರಡಿರುವ ಸೋಲಾರ್ ಪಾರ್ಕಿನ ಸಾಮರ್ಥ್ಯ 2,050 ಮೆಗಾವ್ಯಾಟ್. ನಮಗೆ ಬೇಕಾಗಿದ್ದ 65 ವ್ಯಾಟ್ ಮಾತ್ರ ಗೋಡೆಯವರೆಗೆ ಬಂದು, ಮೇಜಿನವರೆಗೂ ಬಂದು, ಕಡೆಗೆ ಕೂದಲೆಳೆಯಷ್ಟು ಸಂದಿಯೊಂದನ್ನು ದಾಟಲಾರದೆ ನಿಂತಿತ್ತು.

ಫೋನಿನಲ್ಲಿ ವಿಚಾರಿಸಿದಾಗ ತಿಳಿದವರೊಬ್ಬರು, ‘ಬೋರ್ಡೇ ಹೋಗಿರುತ್ತೆ, ಹೊಸದು ತಗೊಂಡ್ಬಿಡಿ’ ಎಂದರು. ನೋಡದೆಯೇ ಹೇಳುವವರಿಗೆ ನಮ್ಮಲ್ಲಿ ಎಂದೂ ಬರವಿಲ್ಲ. ಮನಸ್ಸು ಒಪ್ಪದೆ ಶಿರಾ ಬಸ್ಸು ಹತ್ತಿದೆ. ಅಲ್ಲಿ ಒಂದು ಸಣ್ಣ ಅಂಗಡಿಯ ಹುಡುಗ ಏನನ್ನೂ ಹೇಳದೆ ಮೊದಲು ಮೀಟರ್ ಹಿಡಿದ. ಅಡಾಪ್ಟರಿನ ತುದಿಯಲ್ಲಿ 19 ವೋಲ್ಟ್ ಸರಿಯಾಗಿ ಬರುತ್ತಿತ್ತು. ಹಿಂಬದಿಯ ಸ್ಕ್ರೂಗಳನ್ನು ಬಿಚ್ಚಿ ತೋರಿಸಿದ: ಪಿನ್ನಿನ ಬುಡದಲ್ಲಿ ಬೆಸುಗೆ ಬಿರುಕುಬಿಟ್ಟು, ಸುತ್ತಲೂ ಕಪ್ಪಾಗಿತ್ತು. ‘ಎಷ್ಟು ದಿನದಿಂದ ಹಿಂಗಿತ್ತು ಸಾರ್?’ ‘ಸುಮಾರು ದಿನ ಆಯ್ತಪ್ಪ, ಹೇಗೋ ಸುಧಾರಿಸಿಕೊಂಡಿದ್ವಿ’ ಎಂದೆ. ಅವನು ತಲೆಯೆತ್ತದೆ, ‘ಸುಧಾರಿಸಿಕೊಂಡಿದ್ದಕ್ಕೇ ಸಾರ್ ಸುಟ್ಟಿದ್ದು’ ಎಂದ. ಅದರಲ್ಲಿ ತಿಳಿಯದ ವಿದ್ಯೆ ಏನೂ ಇರಲಿಲ್ಲ. ಲೋಹಕ್ಕೆ ಲೋಹ ತುಂಬ ತಾಗಿದ್ದರೆ ಮೂರೂವರೆ ಆಂಪಿಯರಿನಷ್ಟು ಕರೆಂಟು ಸದ್ದಿಲ್ಲದೆ ಹರಿದುಹೋಗುತ್ತದೆ. ತಾಗುವ ಜಾಗ ಸಾಸಿವೆಯಷ್ಟಾದರೆ ಅಷ್ಟೂ ಅಲ್ಲೇ ನುಗ್ಗಬೇಕು; ಅಲ್ಲಿ ಕಾವು, ಕಾವಿನಿಂದ ಇನ್ನಷ್ಟು ಸಡಿಲ, ಸಡಿಲದಿಂದ ಇನ್ನಷ್ಟು ಕಾವು. ಬೋರ್‌ವೆಲ್ಲಿನ ಸ್ಟಾರ್ಟರ್ ಪೆಟ್ಟಿಗೆಯಲ್ಲಿ ಸಡಿಲ ವೈರು ಸುಟ್ಟು ಕರಿಯಾದದ್ದನ್ನು ನೋಡದ ರೈತರು ನಮ್ಮ ಸೀಮೆಯಲ್ಲಿ ಯಾರಿದ್ದಾರೆ? ತೋಟದಲ್ಲಿ ಗೊತ್ತಿದ್ದದ್ದು ಮೇಜಿನ ಮೇಲೆ ಮರೆತುಹೋಗಿತ್ತು, ಅಷ್ಟೆ.

ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಪಿನ್ ತರಿಸಲು ಎರಡು ದಿನ ಹಿಡಿಯಿತು. ಮತ್ತೆ ಹೋದಾಗ ಕೆಲಸ ಮುಗಿಯುವವರೆಗೂ ಎದುರಿನ ಸ್ಟೂಲಿನಲ್ಲಿ ಕೂತೆ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಈ ಪಿನ್ ಗೇಣುದ್ದದ ವೈರಿನ ತುದಿಯಲ್ಲಿರುತ್ತದಂತೆ, ಕಳಚಿ ಹೊಸದು ಸಿಕ್ಕಿಸಿದರೆ ಮುಗಿಯಿತು. ನಮ್ಮದು ಮದರ್‌ಬೋರ್ಡಿಗೇ ಬೆಸೆದದ್ದು. ಹುಡುಗ ಮಾಡಿದ ಮೊದಲ ಕೆಲಸ ನನಗೆ ವಿಚಿತ್ರವಾಗಿ ಕಂಡಿತು: ಹಳೆಯ ಬೆಸುಗೆಯನ್ನು ತೆಗೆಯಬೇಕಾದವನು ಅದರ ಮೇಲೆ ಇನ್ನಷ್ಟು ಹೊಸ ಬೆಸುಗೆ ಹಾಕಿದ. ಕೇಳಿದ್ದಕ್ಕೆ ವಿವರಿಸಿದ. ಕಂಪನಿಯಲ್ಲಿ ಸೀಸ ಸೇರಿಸದೆ ಬೆಸೆದದ್ದು ಕರಗಲು ಸುಮಾರು 217 ಡಿಗ್ರಿ ಬೇಕು. ತವರಕ್ಕೆ ಸೀಸ ಬೆರೆಸಿದ ಹಳೆಯ ಕಾಲದ ಬೆಸುಗೆ 183ಕ್ಕೇ ಕರಗುತ್ತದೆ. ಈ ಸೀಸದ ಬೆಸುಗೆಯನ್ನು ಕಂಪನಿಯದಕ್ಕೆ ಸೇರಿಸಿದರೆ ಅದೂ ಬೇಗ ಕರಗುತ್ತದೆ. ಗಟ್ಟಿಯಾಗಿ ಪಾತ್ರೆ ಹಿಡಿದ ಬೆಲ್ಲದ ಪಾಕಕ್ಕೆ ಅಮ್ಮ ಎರಡು ಚಮಚ ನೀರು ಬಿಡುವುದು ನೆನಪಾಯಿತು. ಆತುರಪಟ್ಟು ಎಳೆದರೆ ಪಿನ್ನಿನ ಜೊತೆ ಬೋರ್ಡಿನ ತಾಮ್ರದ ಪದರವೇ ಎದ್ದು ಬರುತ್ತದೆ, ಆಗ ನಿಜಕ್ಕೂ ಬೋರ್ಡು ಹೋದಂತೆ. ಅವನು ಆತುರಪಡಲಿಲ್ಲ. ಹಣ ತೆಗೆದುಕೊಳ್ಳುವ ಮುಂಚೆ ಹಳೆಯ ಪಿನ್ನನ್ನು ನನ್ನ ಅಂಗೈಗೆ ಹಾಕಿದ. ‘ವೈರು ಹಿಡಿದು ಎಳೀಬೇಡಿ ಸಾರ್, ತಲೆ ಹಿಡಿದು ಎಳೀರಿ’ ಎಂದಷ್ಟೇ ಅವನ ಉಪದೇಶ.

ಬಸ್ಸಿನಲ್ಲಿ ಬರುವಾಗ ‘ಸುಧಾರಿಸಿಕೊಳ್ಳು’ ಎಂಬ ನಮ್ಮ ಮಾತೇ ತಲೆಯಲ್ಲಿ ಸುತ್ತುತ್ತಿತ್ತು. ಊರು ಸುಧಾರಿಸಿತು ಎಂದರೆ ಮೇಲಾಯಿತು ಎಂದರ್ಥ. ನಾವು ಸುಧಾರಿಸಿಕೊಂಡೆವು ಎಂದರೆ ಏನೂ ಮೇಲಾಗಲಿಲ್ಲ, ಇದ್ದದ್ದರಲ್ಲೇ ತಳ್ಳಿದೆವು ಎಂದರ್ಥ. ಒಂದು ‘ಕೊಳ್ಳು’ ಸೇರಿಕೊಂಡರೆ ಎಷ್ಟು ವ್ಯತ್ಯಾಸ! ಶಾಸ್ತ್ರಗಳಲ್ಲಿ ತಿತಿಕ್ಷೆಯನ್ನು ದೊಡ್ಡ ಗುಣವಾಗಿ ಎಣಿಸಿದ್ದಾರೆ. ಚಳಿ, ಸೆಕೆ, ಸುಖದುಃಖಗಳನ್ನು ಗೊಣಗದೆ ತಾಳಿಕೊಳ್ಳುವುದು. ಚಳಿಗಾಗಲಿ ಸೆಕೆಗಾಗಲಿ ನಾವು ಮಾಡುವುದೇನೂ ಇಲ್ಲ, ಆದ್ದರಿಂದ ಅಲ್ಲಿ ತಾಳ್ಮೆಗೆ ಬೆಲೆ. ಅರ್ಧ ಗಂಟೆಯಲ್ಲಿ ಸರಿಹೋಗುವ ಪಿನ್ನಿಗೆ ಗೈಡು ಕೊಟ್ಟು ಕೂತ ನಮ್ಮ ಸೋಮಾರಿತನಕ್ಕೆ ಆ ಹೆಸರು ಹೇಗೆ ಸಂದೀತು? ಮನೆಗೆ ಬಂದು ಕಣ್ಣಾಡಿಸಿದರೆ ಹಿತ್ತಿಲ ಬಾಗಿಲ ಚಿಲಕಕ್ಕೆ ಹುರಿ, ಬಚ್ಚಲ ನಲ್ಲಿಗೆ ಬಟ್ಟೆ. ಅಂದು ರಾತ್ರಿ ಊಟಕ್ಕೆ ಕೂತಾಗ ಇನ್ನೊಂದು ಕಣ್ಣಿಗೆ ಬಿತ್ತು: ಅಮ್ಮ ಮುದ್ದೆ ನುಂಗಿ, ಅನ್ನಕ್ಕೆ ಬಂದಾಗ ತಲೆಯನ್ನು ಸ್ವಲ್ಪ ಎಡಕ್ಕೆ ಓರೆಮಾಡಿ ಒಂದೇ ದವಡೆಯಲ್ಲಿ ಅಗಿಯುತ್ತಿದ್ದಳು. ‘ಬಲಗಡೆ ಹಲ್ಲು ನೋಯ್ತದೆ ಕಣಪ್ಪ, ಸಂಕ್ರಾಂತಿಯಿಂದ. ಹೆಂಗೋ ಸುಧಾರಿಸ್ಕೊಂಡಿದೀನಿ’ ಎಂದಳು. ಸೋಮವಾರ ಮತ್ತೆ ಶಿರಾ ಬಸ್ಸು. ಸರ್ಕಾರಿ ಬಸ್ಸು ಸಿಕ್ಕರೆ ಅಮ್ಮನದು ಶಕ್ತಿ ಯೋಜನೆಯ ಸೊನ್ನೆ ಟಿಕೆಟು, ದುಡ್ಡು ಕೊಡಬೇಕಾದವನು ನಾನೊಬ್ಬನೇ. ‘ಒಂದು ಹಲ್ಲಿಗೆ ಯಾಕಪ್ಪ ಅಷ್ಟು ದೂರ’ ಎಂದು ಅವಳು ಈಗಾಗಲೇ ಮೂರು ಸಲ ಹೇಳಿದ್ದಾಳೆ.